ಮೂರನೆಯ ಎಳೆತ

ನಮ್ಮೂರಿನಲ್ಲಿ ಹುಟ್ಟಿ ಬೆಳೆದೂ, ಚೆಂಡನ್ನು ಕೈಯಲ್ಲಿ ಅಪ್ಪಿ ಓಡುವ ನಮ್ಮ ಕಡೆಯ ಫುಟ್‌ಬಾಲ್ ಗೊತ್ತಿಲ್ಲದವಳೆಂದರೆ ವರ್ನಾ ಒಬ್ಬಳೇ. ಅದು ದಡ್ಡತನವಲ್ಲ, ಹಟ. ಅವಳ ಗಂಡ ಡೆಲ್ಮರ್ ಮದುವೆಯ ದಿನವೂ ಶಾಲೆಯ ಪಂದ್ಯ ಮುಗಿಸಿಕೊಂಡು, ಕೆಸರು ಮೆತ್ತಿದ ಬೂಟಿನಲ್ಲೇ ಚರ್ಚಿಗೆ ಬಂದಿದ್ದ. ಅಂದಿನಿಂದ ಮೂವತ್ತೊಂದು ವರ್ಷ ಅವಳು ಮೈದಾನದ ಕಡೆ ತಲೆ ಹಾಕಲಿಲ್ಲ. ಅಂಥವಳು ನವೆಂಬರಿನ ಮೊದಲ ಶನಿವಾರ, ಡೆಲ್ಮರ್ ಸತ್ತು ವರ್ಷ ತುಂಬಿದ ವಾರ, ಅವನು ಮೈದಾನದಲ್ಲಿ ತೊಡುತ್ತಿದ್ದ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿಯನ್ನು ಕೋಟಿನ ಮೇಲೆ ತೊಟ್ಟು ನನ್ನೆದುರು ಬಂದು ನಿಂತಳು.

"ಮಿಲೋ, ಅವನು ಮಾಡ್ತಿದ್ದ ಕೆಲ್ಸ ನಾನು ಮಾಡ್ಬೇಕು. ಕಲಿಸು."

ಡೆಲ್ಮರ್, ಲೈಲ್ ಮತ್ತು ನಾನು ಈ ಮೈದಾನದ ಸರಪಳಿಯವರು. ಹತ್ತು ಗಜದ ಸರಪಳಿ, ಅದರ ಹಿಂದಿನ ತುದಿಗೊಂದು ಮುಂದಿನ ತುದಿಗೊಂದು ಕೋಲು, ಅವನ್ನು ಹಿಡಿದು ಆಟದ ದೂರ ಅಳೆಯುವುದು ನಮ್ಮ ಕೆಲಸ. ಸಂಬಳವಿಲ್ಲ. ಪಂದ್ಯಕ್ಕೊಂದು ಬಟ್ಟಲು ಚಿಲಿ ಎಂಬ ಮಾಂಸದ ಬಿಸಿ ಸಾರು, ಒಂದು ದಾಲ್ಚಿನ್ನಿ ರೋಲ್ ಪುಕ್ಕಟೆ. ಡೆಲ್ಮರ್ ಹೋದ ಮೇಲೆ ಅವನ ಮುಂದಿನ ಕೋಲನ್ನು ಲೈಲ್ ಹಿಡಿದ. ನಾನು ನನ್ನ ಹಿಂದಿನ ಕೋಲನ್ನು ಯಾರ್ಯಾರಿಗೋ ಕೊಟ್ಟು, ಎಷ್ಟನೆಯ ಅವಕಾಶವೆಂದು ತೋರಿಸುವ ಫಲಕ ಹಿಡಿದುಕೊಂಡೆ. ಬೆನ್ನುನೋವು ಎಂದು ನೆಪ ಹೇಳಿದ್ದೆ. ವರ್ನಾ ಕೇಳಿದ್ದು ಡೆಲ್ಮರನ ಕೋಲು. ಹೊಸಬರಿಗೆ ಹಿಂದಿನದೇ ಎಂದು ನಾನು ಗದರಿದೆ. ಅವಳೂ ನಾನೂ ಒಂದೇ ತರಗತಿಯಲ್ಲಿ ಓದಿದವರು, ಗದರಿದರೆ ನಡೆಯುತ್ತದೆ.

"ನೋಡು. ಚೆಂಡು ಎಲ್ಲಿಂದ ಹೊರಡತ್ತೋ ಅಲ್ಲಿ ನಿನ್ನ ಕೋಲು. ಅಲ್ಲಿಂದ ಹತ್ತು ಗಜ ಮುಂದೆ ಲೈಲ್ ಕೋಲು. ನಡುವೆ ಈ ಸರಪಳಿ. ಹುಡುಗರಿಗೆ ನಾಲ್ಕು ಅವಕಾಶ. ಅಷ್ಟರೊಳಗೆ ಚೆಂಡು ಲೈಲ್‌ನ ದಾಟ್ಬೇಕು. ದಾಟಿದ್ರೆ ಮತ್ತೆ ನಾಲ್ಕು ಸಿಗತ್ತೆ, ನಾವೂ ಮುಂದಕ್ಕೆ ಹೋಗ್ತೀವಿ. ಇಲ್ಲಾಂದ್ರೆ ಚೆಂಡು ಎದುರು ತಂಡದ ಪಾಲು."

"ಅಷ್ಟೇನಾ?"

"ಅಷ್ಟೇ."

"ಇಷ್ಟಕ್ಕೋಸ್ಕರ ನನ್ನ ಮದ್ವೆಗೆ ತಡವಾಗಿ ಬಂದ್ನಾ ಆ ಮಹಾರಾಯ."

ಲೈಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ವರ್ನಾ ಕೋಲನ್ನು ಬಿಟ್ಟು ಟೋಪಿ ಸರಿಮಾಡಿಕೊಳ್ಳಲು ಹೋದಳು. ಕೋಲು ಧೊಪ್ಪನೆ ಬಿತ್ತು.

"ಬಿಡ್ಬೇಡ, ಅದು ತಾನಾಗೇ ನಿಲ್ಲಲ್ಲ," ಎಂದೆ. "ಕೆಳಗೆ ಮೊನೆ ಇಲ್ಲ, ರಬ್ಬರ್ ಹಾಕಿದಾರೆ. ಓಡಿಬಂದ ಹುಡುಗ ಮೇಲೆ ಬಿದ್ರೆ ಚುಚ್ಚಬಾರ್ದಲ್ಲ. ಯಾರಾದ್ರೂ ಹಿಡ್ಕೊಂಡಿದ್ರೆ ಮಾತ್ರ ನಿಲ್ಲತ್ತೆ. ಇನ್ನೊಂದು, ಚಪ್ಪಾಳೆ ತಟ್ಟೋ ಹಾಗಿಲ್ಲ, ನಾವು ಯಾರ ಕಡೆಯೂ ಅಲ್ಲ. ರೆಫರಿ ಹೇಳೋ ತನಕ ಜಾಗ ಬಿಟ್ಟು ಕದಲೋ ಹಾಗಿಲ್ಲ. ಬ್ಯಾಂಡಿನ ಗಲಾಟೇಲಿ ಕೂಗಿದ್ದು ಕೇಳ್ಸಲ್ಲ, ಅದಕ್ಕೆ ಸರಪಳಿ ಎಳೀತೀವಿ. ಒಂದು ಸಲ ಎಳೆದ್ರೆ ಹೊರಡು ಅಂತ. ಎರಡು ಸಲ ಎಳೆದ್ರೆ ಬಿಗಿ ಆಯ್ತು, ಅಲ್ಲೇ ನಿಲ್ಲು ಅಂತ. ಮೂರು ಅಂತ ಏನೂ ಇಲ್ಲ."

ವರ್ನಾ ನನ್ನ ಮುಖವನ್ನೇ ನೋಡಿದಳು. "ಮೂರರ ವಿಷ್ಯ ನಾನು ಕೇಳ್ಲೇ ಇಲ್ವಲ್ಲ."

ನಾನು ಫಲಕವನ್ನು ಅಂಗಿಯ ತೋಳಿನಿಂದ ಒರೆಸತೊಡಗಿದೆ. ಅದರ ಮೇಲೆ ಏನೂ ಕೂತಿರಲಿಲ್ಲ.

"ಮಿಲೋ, ಒಂದೇ ಒಂದು ಮಾತು. ಅದಕ್ಕೇ ಬಂದಿದ್ದು ನಾನು. ಅವತ್ತು ಜೀವ ಹೋಗೋವಾಗ ಅವನು ಯಾರನ್ನಾದ್ರೂ ಕರೆದ್ನಾ?"

"ಆಗ್ಲೇ ಹೇಳಿದೀನಲ್ಲ ಮಾರಾಯ್ತಿ. ಸದ್ದಿಲ್ದೆ ಹೋದ."

ಮಣ್ಣು ಮಾಡಿದ ದಿನವೂ ಇದನ್ನೇ ಹೇಳಿದ್ದೆ. ಶುದ್ಧ ಸುಳ್ಳು. ಕಳೆದ ವರ್ಷ ಇದೇ ಮೈದಾನದಲ್ಲಿ ಹಿಮ ಮುಖಕ್ಕೆ ರಾಚುತ್ತಿತ್ತು. ಎಲ್ಲರೂ ಕುತ್ತಿಗೆಯನ್ನು ಕೋಟಿನೊಳಗೆ ಎಳೆದುಕೊಂಡಿದ್ದೆವು. ಪಂದ್ಯಕ್ಕೆ ಮೊದಲು ಡೆಲ್ಮರ್ ನಾಲ್ಕು ಜನರೆದುರು ನನ್ನ ಕಣ್ಣು ಮಂಜಾಗಿದೆ, ಕೋಲು ಒಂದಡಿ ಆಚೀಚೆ ಇಡುತ್ತೇನೆ ಎಂದು ಆಡಿಕೊಂಡಿದ್ದ. ನನಗೆ ಮೈಯೆಲ್ಲ ಉರಿದಿತ್ತು. ಪಂದ್ಯದ ಮೂರನೆಯ ಕಾಲುಭಾಗದಲ್ಲಿ ಸರಪಳಿ ಜಗ್ಗಿತು. ಮೂರು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಚೇಷ್ಟೆ ಮಾಡುತ್ತಿದ್ದಾನೆ, ಎಷ್ಟು ಬೇಕೋ ಎಳೆದುಕೊಳ್ಳಲಿ ಎಂದು ನಾನು ಬೆನ್ನು ತಿರುಗಿಸಿದೆ. ಐದು ನಿಮಿಷದ ಮೇಲೆ ರೆಫರಿ ಸರಪಳಿ ಮುಂದಕ್ಕೆ ತನ್ನಿ ಎಂದು ಕೈ ಬೀಸಿದ. ಡೆಲ್ಮರ್ ಕದಲಲಿಲ್ಲ. ಎರಡೂ ಕೈ ಕೋಲಿನ ಮೇಲೆ, ಗದ್ದ ಕೈಯ ಮೇಲೆ, ಹುಬ್ಬಿನ ತುಂಬ ಹಿಮ. ನಿಂತಲ್ಲೇ ಹೋಗಿದ್ದ.

ಆ ಮೂರು ಎಳೆತದ ವಿಷಯ ನನ್ನೊಬ್ಬನಿಗೇ ಗೊತ್ತು. ಲೈಲ್‌ಗೂ ಹೇಳಿಲ್ಲ.

ಪಂದ್ಯ ಶುರುವಾಯಿತು. ವರ್ನಾ ಒಳ್ಳೆಯ ಶಿಷ್ಯೆ. ಎರಡನೆಯ ಕಾಲುಭಾಗದ ಹೊತ್ತಿಗೆ ಮೂರನೆಯ ಅವಕಾಶಕ್ಕೆ ಎಷ್ಟು ಗಜ ಬಾಕಿ ಎಂದು ನನಗಿಂತ ಮೊದಲೇ ಹೇಳುತ್ತಿದ್ದಳು. ನಮ್ಮ ಹುಡುಗನೊಬ್ಬ ಚೆಂಡು ಅಪ್ಪಿಕೊಂಡು ಲೈಲ್‌ನನ್ನು ದಾಟಿದಾಗ ಅವಳ ಕೈ ತಾನಾಗಿ ಮೇಲೆದ್ದಿತು, ನಾನು ಕೆಮ್ಮಿದೊಡನೆ ಇಳಿಯಿತು. "ಗೊತ್ತಾಯ್ತು ಬಿಡು, ಅವನು ಯಾಕೆ ಬರ್ತಿದ್ದ ಅಂತ," ಎಂದಳು.

ಮೂರನೆಯ ಕಾಲುಭಾಗದಲ್ಲಿ ನದಿಯ ಕಡೆಯಿಂದ ಮಂಜು ಬಂತು. ಮೊದಲು ಆಚೆಯ ಗೋಲುಕಂಬ ಹೋಯಿತು, ಆಮೇಲೆ ಬ್ಯಾಂಡಿನವರು, ಆಮೇಲೆ ನಮ್ಮ ಹುಡುಗರು. ಮಧ್ಯಾಹ್ನ ಮೂರು ಗಂಟೆಗೆ ಕಣ್ಣೆದುರಿನ ಹುಲ್ಲು ಬಿಟ್ಟರೆ ಬೇರೇನೂ ಕಾಣದು. ರೆಫರಿ ಸೀಟಿ ಊದಿ ಹುಡುಗರನ್ನು ಬೆಂಚಿಗೆ ಕಳಿಸಿದ. "ಸರಪಳಿಯವ್ರು ಅಲ್ಲೇ ಇರಿ, ಜಾಗ ತಪ್ಪಬಾರ್ದು," ಎಂದು ಅವನ ದನಿ ಮಾತ್ರ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಲೈಲ್ ಮಂಜಿನಿಂದ ಕೈ ಬೀಸಿಕೊಂಡು ಬಂದ. "ಕೋಲು ಹುಲ್ಲಿನ ಮೇಲೆ ಮಲಗ್ಸಿದೀನಿ, ಗೆರೆ ಮೇಲೇ ಇದೆ. ಚಿಲಿ ಆರೋಗತ್ತೆ, ಈಗ ಬಂದೆ," ಎಂದು ಹೋಗಿಯೇ ಬಿಟ್ಟ. ನಾನು ಬೈದೆ, ಅವನು ಕೇಳಿಸಿಕೊಳ್ಳಲಿಲ್ಲ. ಫಲಕ ಹಿಡಿದುಕೊಂಡು ವರ್ನಾಳ ಪಕ್ಕ ನಿಂತೆ.

"ಮಿಲೋ," ಎಂದಳು ವರ್ನಾ. "ಲೈಲ್ ವಾಪಸ್ ಬಂದ್ನಾ?"

ನಮ್ಮ ಹಿಂದೆ, ಚಿಲಿಯ ಗೂಡಂಗಡಿಯಿಂದ ಲೈಲ್‌ನ ನಗು ಕೇಳಿಸುತ್ತಿತ್ತು.

"ಇಲ್ಲ. ಯಾಕೆ?"

ಅವಳು ಕಣ್ಣಿನಲ್ಲೇ ಕೆಳಗೆ ತೋರಿಸಿದಳು. ಹುಲ್ಲಿನಲ್ಲಿ ಸಡಿಲವಾಗಿ ಬಿದ್ದಿದ್ದ ಸರಪಳಿ ಮೇಲೆದ್ದು ಬಿಗಿಯಾಗಿ ನಿಂತಿತ್ತು. ಅದಕ್ಕೆ ಅಂಟಿದ್ದ ಮಂಜಿನ ಹನಿಗಳು ಒಂದೊಂದಾಗಿ ಉದುರುತ್ತಿದ್ದವು. ನಾನು ನೋಡುತ್ತಿದ್ದಂತೆ ಅವಳ ಕೋಲು ಜಗ್ಗಿತು. ಒಂದು. ಎರಡು. ಮೂರು.

ಹುಡುಗರ ಕಿತಾಪತಿ ಇರಬಹುದು ಎನ್ನಬೇಕೆಂದುಕೊಂಡೆ. ಆದರೆ ಮೂರರ ವಿಷಯ ನನ್ನನ್ನೂ ಸತ್ತವನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗ್ಗಿತು. ಅದೇ ಲೆಕ್ಕ, ನಡುವೆ ಅಷ್ಟೇ ಹೊತ್ತು.

"ಮೂರು ಅಂದ್ರೆ ಏನು ಮಿಲೋ? ನಿಂಗೆ ಗೊತ್ತು. ಆಗ್ಲೇ ನೋಡ್ದೆ ನಿನ್ನ ಮುಖದಲ್ಲಿ."

"ಅವನು ಕರೆದ, ವರ್ನಾ," ಎಂದೆ. "ಹೀಗೇ ಮೂರು ಸಲ, ಆಮೇಲೆ ಮತ್ತೆ ಮೂರು ಸಲ. ನನ್ನನ್ನೇ ಕರೆದ. ಸಿಟ್ಟಲ್ಲಿದ್ದೆ. ಹೋಗ್ಲಿಲ್ಲ."

ಅವಳು ಅಳಲಿಲ್ಲ, ಕಪಾಳಕ್ಕೆ ಹೊಡೆಯಲೂ ಇಲ್ಲ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. "ಯಾರನ್ನೂ ಕರೀದೆ ಹೋದ ಅಂದ್ಯಲ್ಲ, ಕರೆಯೋಕೆ ತನಗೆ ಯಾರೂ ಇಲ್ಲ ಅಂದ್ಕೊಂಡು ಹೋದ್ನೇನೋ ಅಂತ ಒಂದ್ ವರ್ಷ ನಾನು ಬೆಂದಿದೀನಿ," ಎಂದಳು. ಕೋಲು ಅವಳ ಕೈಯಲ್ಲಿ ಮತ್ತೆ ಜಗ್ಗಿತು. "ಇನ್ನೂ ಕರೀತಿದಾನೆ. ಹೋಗು."

"ರೆಫರಿ ಹೇಳೋ ತನಕ..."

"ಈ ತುದಿ ನಾನು ಹಿಡ್ಕೊಂಡಿರ್ತೀನಿ. ನೀನು ಹೋಗು."

ಫಲಕ ಅಲ್ಲೇ ಬಿಟ್ಟೆ. ಸರಪಳಿಯನ್ನು ಕೈಯಿಂದ ಕೈಗೆ ಹಿಡಿಯುತ್ತ ಮಂಜಿನೊಳಗೆ ನಡೆದೆ. ಹತ್ತೇ ಗಜ. ನನ್ನ ಆಯುಷ್ಯದಲ್ಲಿ ಅದನ್ನು ಎಷ್ಟು ಸಾವಿರ ಸಲ ಅಳೆದಿದ್ದೇನೋ, ಅದು ಇಷ್ಟು ದೂರವೆಂದು ಗೊತ್ತಿರಲಿಲ್ಲ. ಪ್ರತಿ ಹೆಜ್ಜೆಗೂ ಎಳೆತ ಅಂಗೈಗೆ ತಾಗುತ್ತಿತ್ತು, ಪ್ರತಿ ಸಲವೂ ಇನ್ನಷ್ಟು ಬಲಗುಂದಿ. ಓಡಿದೆ. ಅರವತ್ತಮೂರು ವರ್ಷದ ಮಂಡಿಯಲ್ಲಿ ಓಡಿದೆ.

ಲೈಲ್ ಮಲಗಿಸಿ ಹೋಗಿದ್ದ ಕೋಲು ನೆಟ್ಟಗೆ ನಿಂತಿತ್ತು. ಹಿಡಿದವರು ಯಾರೂ ಇರಲಿಲ್ಲ. ಕೆಳಗಿನ ಹುಲ್ಲು ಎರಡು ಪಾದದಗಲ ಒತ್ತಿಕೊಂಡಿತ್ತು, ಒತ್ತಿದ ಕಡೆ ಮಾತ್ರ ಹಿಮವಿತ್ತು. ಈ ವರ್ಷ ನಮ್ಮೂರಿಗೆ ಇನ್ನೂ ಹಿಮ ಬಿದ್ದಿರಲಿಲ್ಲ.

ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಕೋಲಿನ ಸುತ್ತ ತೋಳು ಹಾಕಿದೆ. "ಬಂದೆ ಕಣೋ ಡೆಲ್," ಎಂದೆ.

ಆ ಕೋಲು ಒಂದು ಮಗು ಎತ್ತುವಷ್ಟು ಹಗುರ. ಅದು ಮೆಲ್ಲಗೆ ನನ್ನ ಹೆಗಲಿಗೆ ಒರಗಿತು, ಒಬ್ಬ ಗಂಡಸಿನ ಪೂರ್ತಿ ಭಾರ ಹಾಕಿ. ನಾನು ಕಾಲು ಅಗಲಿಸಿ ತಡೆದುಕೊಂಡೆ. ಕಿವಿಯ ಹತ್ತಿರ ಯಾರೋ ಉಸಿರು ಬಿಟ್ಟಂತಾಯಿತು, ಅದೊಂದೇ ಉಸಿರು. ಆಮೇಲೆ ಭಾರ ಇಳಿಯಿತು, ಕೈಯಲ್ಲಿ ಬರೀ ಕೋಲು ಉಳಿಯಿತು. ಸರಪಳಿ ಸಡಿಲಾಗಿ ಹುಲ್ಲಿಗೆ ಬಿತ್ತು.

ಎಷ್ಟು ಹೊತ್ತು ಹಾಗೇ ಇದ್ದೆನೋ ತಿಳಿಯದು. ವರ್ನಾ ಮಂಜಿನಾಚೆಯಿಂದ ಸರಪಳಿಯನ್ನು ಮೇಲೆತ್ತಿದಳು, ಬಿಗಿ ಮಾಡಿದಳು, ಎರಡು ಸಲ ಎಳೆದಳು.

ನಾನು ಅಲ್ಲೇ ನಿಂತೆ.