ವೀರಮ್ಮನ ದಮ್ಮು

ಪಿರಿಯಾಪಟ್ಟಣದ ಆಸ್ಪತ್ರೆಯಿಂದ ಫೋನು ಬಂದಾಗ ಬೆಟ್ಟದಪುರದ ವೀರಮ್ಮ, ಏದುಸಿರಿಗೆ ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಡಲಿಕ್ಕೇ ಕರೆದಿದ್ದಾರೆ ಎಂದುಕೊಂಡಳು. ಬಂದು ನೋಡಿದರೆ ಬೆಂಚಿನ ತುಂಬ ಗಂಡಸರು.

"ಏನಕ್ಕ, ನೀನೂವೆ ನಮ್ಮ ಪಾರ್ಟಿನಾ?" ಎಂದ ಪಕ್ಕದ ಬೀದಿಯ ಮಾದೇಶ. "ಇದು ಬೀಡಿ ಬುಡ್ಸೋ ಶಿಬಿರ ಕಣಕ್ಕ. ಒಂದು ತುಂಡಿದ್ರೆ ಈ ಕಡೆ ತಳ್ಳು, ಡಾಕ್ಟ್ರಮ್ಮ ಬರಗಂಟ."

"ನಿನ್ನ ಬಾಯ್ಗೆ ಮಣ್ಣಾಕ. ನಾನು ಬಂದಿರೋದು ಎಳ್ಕೊಳೋ ಔಸ್ತಿಗೆ."

"ನಾವೂ ಎಳ್ಕೊಂಡೇ ಇಲ್ಲಿಗೆ ಬಂದಿರೋದು ಬುಡು."

ಗಂಡಸರೆಲ್ಲ ನಕ್ಕರು. ಜನ್ಮದಲ್ಲಿ ಬೀಡಿ ಮುಟ್ಟದ ವೀರಮ್ಮ ಸೆರಗು ಬಾಯಿಗಿಟ್ಟುಕೊಂಡು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ನೇರವಾಗಿ ಡಾಕ್ಟರ ಕೋಣೆಗೆ ಹೋದಳು.

ಡಾಕ್ಟರ್ ತಹಸೀನ್ ಮೈಸೂರಿನವರು. ಕಂಪ್ಯೂಟರಿನ ಮುಂದೆ ಕೂತಿದ್ದವಳು ಸೌಂದರ್ಯ. ವೀರಮ್ಮನ ಅಣ್ಣ ಕನಕರಾಜುವಿನ ಮಗಳು. ರೋಗಿಗಳು ಹೇಳಿದ್ದನ್ನು ಕೇಳಿ ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಹಿಂದಿನ ಸಲ ವೀರಮ್ಮನನ್ನು ಕೇಳಿ ಬರೆದುಕೊಂಡವಳೂ ಅವಳೇ.

"ಕೂತ್ಕೊಳ್ಳಿ ಅಮ್ಮ," ಎಂದಳು ಸೌಂದರ್ಯ, ಗುರುತಿಲ್ಲದವರಿಗೆ ಹೇಳುವ ಹಾಗೆ. ಡಾಕ್ಟರ ಎದುರು ಅದೇ ಶಿಸ್ತಿರಬೇಕು ಎಂದುಕೊಂಡು ವೀರಮ್ಮ ಕೂತಳು.

ತಹಸೀನ್ ಸಮಾಧಾನವಾಗಿ ವಿವರಿಸಿದರು. "ವರ್ಷಗಟ್ಟಲೆ ಕೆಮ್ಮು, ಏದುಸಿರು ಇರೋರನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದ್ವಿ. ಬೀಡಿ ಸೇದೋರಿಗೆ ಹೊರಗಿನ ಶಿಬಿರ. ಎಳೆದುಕೊಳ್ಳೋ ಔಷಧಿ ಕೊಡೋ ಯೋಜನೆ ಬೇರೆ, ಅದು ಸೇದದೇ ಕಾಯಿಲೆ ಬಂದೋರಿಗೆ ಮಾತ್ರ. ಅವರಿಗೆ ಹೊಗೆ ಎಲ್ಲಿಂದ ಹೋಯ್ತು ಅಂತ ಆ ಜಾಗಕ್ಕೇ ಹೋಗಿ ನೋಡ್ತೀವಿ. ನೀವು ಸೇದ್ತೀರಿ ಅಂತ ಇದೆಯಲ್ಲ?"

"ನಾನ್ಯಾಕೆ ಸೇದ್ಲವ್ವ? ನಂಗೆ ದಮ್ಮೈತೆ ಅಂದೆ. ಅಷ್ಟೇಯ."

ತಹಸೀನ್ ಸೌಂದರ್ಯಳತ್ತ ತಿರುಗಿದರು. "ದಮ್ಮು ಅಂದ್ರು ಮೇಡಂ," ಎಂದಳು ಅವಳು ಪರದೆಯಿಂದ ಕಣ್ಣು ತೆಗೆಯದೆ. "ದಮ್ ಹೊಡೀತಾರೆ ಅಂದ್ಕೊಂಡೆ."

ಡಾಕ್ಟರಿಗೆ ನಗು ಬಂತು. ವೀರಮ್ಮನೂ ನಕ್ಕಳು. ಓದಿದ ಮಕ್ಕಳ ಕಿವಿಗೆ ಹಾಗೆ ಕೇಳಿಸಿದ್ದರೂ ಕೇಳಿಸಿರಬಹುದು. ಆದರೆ ನಗು ಮುಗಿಯುವ ಮೊದಲೇ ಒಂದು ನೆನಪು ಬಂತು. ಲಂಗ ಹಾಕುವ ವಯಸ್ಸಿನಲ್ಲಿ ಇದೇ ಹುಡುಗಿ, "ಅತ್ತೆಗೆ ದಮ್ಮು ಬಂತು" ಎಂದು ಕೂಗಿಕೊಂಡು ಓಡಿ ಬಂದು ಬೆನ್ನು ನೀವುತ್ತಿದ್ದಳು.

"ಸರಿ, ಸೇದಲ್ಲ ಅಂತ ತಿದ್ದು," ಎಂದ ತಹಸೀನ್ ಮುಂದಿನದನ್ನು ಓದಿದರು. "ಕೆಲಸ, ಮನೆಗೆಲಸ. ಅಡುಗೆ, ಗ್ಯಾಸ್ ಒಲೆ. ಹಾಗಾದ್ರೆ ಹೊಗೆ ಎಲ್ಲಿಂದ ಬಂತಮ್ಮ?"

ವೀರಮ್ಮ ಸೌಂದರ್ಯಳ ಕಡೆ ತಿರುಗಿದಳು.

ಗಂಡ ಸತ್ತ ವರ್ಷದಿಂದ ಅವಳು ದುಡಿದದ್ದು ಅಣ್ಣನ ಬ್ಯಾರನ್ನಿನಲ್ಲಿ. ಹೊಗೆಸೊಪ್ಪು ಹದ ಮಾಡುವ ಆ ಮನೆಯ ಒಲೆಗೆ ಸೌದೆ ತಳ್ಳುವವಳೂ ಅವಳೇ, ಒಳಗೆ ನುಗ್ಗಿ ಶಾಖ ನೋಡುವವಳೂ ಅವಳೇ. ಹೊಗೆ ಹೊರಗೊಯ್ಯುವ ತಗಡಿನ ಕೊಳವೆ ಸೀಳಿ ಎಷ್ಟೋ ಕಾಲವಾಗಿತ್ತು. "ಬರೋ ವರ್ಷ ಹಾಕ್ಸಾನ ಬುಡು," ಎಂದು ಕನಕರಾಜು ಪ್ರತಿ ವರ್ಷ ಹೇಳುತ್ತಿದ್ದ. ಅಲ್ಲಿಗೆ ಬುತ್ತಿ ತಂದುಕೊಡುತ್ತಿದ್ದವಳು ಸೌಂದರ್ಯ.

ದಮ್ಮು ಎನ್ನುವ ಮಾತನ್ನು ಎರಡು ರೀತಿ ಕೇಳಿಸಿಕೊಳ್ಳಬಹುದು. ಬ್ಯಾರನ್ನು ಎನ್ನುವ ಮಾತನ್ನು ಹಾಗೆ ಕೇಳಿಸಿಕೊಳ್ಳಲು ಆಗುವುದಿಲ್ಲ. ಅದನ್ನು ಹಿಂದಿನ ಸಲವೇ, ಇದೇ ಕುರ್ಚಿಯಲ್ಲಿ ಕೂತು, ವೀರಮ್ಮ ಬಾಯಿಬಿಟ್ಟು ಹೇಳಿದ್ದಳು. ಆಗ ಸೌಂದರ್ಯ ತಲೆಯಾಡಿಸಿ ಏನನ್ನೋ ಒತ್ತಿದ್ದಳು.

"ನಿಮ್ಮಪ್ಪ ಹೇಳ್ಕೊಟ್ಟನಾ, ನೀನೇ ಮಾಡಿದ್ದಾ?" ವೀರಮ್ಮ ಮೆಲ್ಲಗೆ ಕೇಳಿದಳು.

ಸೌಂದರ್ಯಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. "ಅತ್ತೆ," ಎಂದಳು. ಆವತ್ತು ಅವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. "ಮನೇಲಿ ಮಾತಾಡಣ ಅತ್ತೆ."

"ಮನೇಲಿ ಮಾತಾಡಿದ್ದು ಸಾಕು ಕಣವ್ವ."

ತಹಸೀನ್ ಇಬ್ಬರ ಮುಖವನ್ನೂ ನೋಡಿದರು. "ನಿಮಗೆ ಇವಳು ಪರಿಚಯವಾ ಅಮ್ಮ?"

ವೀರಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ಮೇಜಿನ ಅಂಚು ಹಿಡಿದು ಬಗ್ಗಿದಳು. ಬೆನ್ನು ನೀವಲು ಸೌಂದರ್ಯ ಏಳಹೋದಳು. ವೀರಮ್ಮ ಕೈ ಅಡ್ಡ ಹಿಡಿದು ಅವಳನ್ನು ಕೂರಿಸಿ, ಉಸಿರು ತಿರುಗುವವರೆಗೆ ಹಾಗೇ ಬಗ್ಗಿಕೊಂಡಿದ್ದಳು.

"ಬರ್ಕೊಳ್ಳಿ ಡಾಕ್ಟ್ರಮ್ಮ. ಬೆಟ್ಟದಪುರ, ಕನಕರಾಜು ಬ್ಯಾರನ್ನು," ಎಂದಳು ಆಮೇಲೆ. "ಹುಡುಕೋದೇನೂ ಬ್ಯಾಡ. ಈ ಹುಡುಗಿಗೆ ದಾರಿ ಗೊತ್ತು."