ಆರನೇ ಲೈನಿನ ಟೋಕನ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವವರು ಏನಾದರೂ ಸಾಧಿಸಿರಬೇಕು, ಇಲ್ಲವೇ ಯಾರಿಗಾದರೂ ಉಪಕಾರ ಮಾಡಿರಬೇಕು. ನಾನು ಎರಡನ್ನೂ ಮಾಡಿಲ್ಲ. ನಾನು ಒಂದು ಟೋಕನ್. ಅಂಗೈಯಗಲದ ಮರದ ಹಲಗೆ, ತಲೆಯಲ್ಲೊಂದು ತೂತು, ತೂತಿನಲ್ಲೊಂದು ದಾರ. ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಹೆಂಗಸರು ಶೌಚಾಲಯಕ್ಕೆ ಹೋಗಬೇಕಾದರೆ ನನ್ನನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕಾಗಿತ್ತು. ಇಂಥ ವಿಷಯವನ್ನು ನಾಲ್ಕು ಜನರ ಮುಂದೆ ಎತ್ತಬಹುದೋ ಬಾರದೋ ಎಂದು ಬಹಳ ದಿನ ಅಳುಕಿದೆ. ಹೇಳದೆ ಇದ್ದರೆ ಇನ್ನೂ ಕೆಟ್ಟದ್ದು ಅನ್ನಿಸಿ ಹೇಳುತ್ತಿದ್ದೇನೆ.

ನಾನು ಹುಟ್ಟುವಾಗಲೇ ಟೋಕನ್ ಆಗಿರಲಿಲ್ಲ. ಮದ್ದೂರಿನ ಒಂದು ಛತ್ರದ ಪಕ್ಕದ ಕೋಣೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ಶಾಲೆ ನಡೆಯುತ್ತಿತ್ತು. ಅಲ್ಲಿನ ಕರಿಹಲಗೆಯ ಬಲ ಮೂಲೆ ನಾನು. ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಬಂದವರು ನನ್ನ ಕಡೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಮೇಷ್ಟ್ರು ಎಡಗಡೆಯಿಂದ ಬರೆಯಲು ಶುರು ಮಾಡಿದರೆ ವಾಕ್ಯದ ಕೊನೆಯ ಪದ ಮಾತ್ರ ನನ್ನ ಮೇಲೆ ಬೀಳುತ್ತಿತ್ತು. ಹಾಗಾಗಿ ನನ್ನ ವಿದ್ಯೆ ಅರ್ಧಂಬರ್ಧದ್ದು. ಒಂದು ಪಾಠ ಮಾತ್ರ ಪೂರ್ತಿ ನೆನಪಿದೆ, ಏಕೆಂದರೆ ಮೇಷ್ಟ್ರು ಅದನ್ನು ಮೂರು ದಿನ ಅಳಿಸಿರಲಿಲ್ಲ: "ಬಾಯಾರಿದವರಿಗೆ ನೀರು ಕೊಡಬೇಕು." ಅದರಲ್ಲಿ "ಕೊಡಬೇಕು" ಎಂಬುದು ನನ್ನ ಪಾಲಿನದು.

ಮೇಷ್ಟ್ರು ತೀರಿಕೊಂಡ ಮೇಲೆ ಶಾಲೆ ಮುಚ್ಚಿತು. ಕರಿಹಲಗೆಯನ್ನು ಬಡಗಿ ಕೊಂಡು ತುಂಡು ಮಾಡಿದ. ಹೊಸದಾಗಿ ಶುರುವಾಗಿದ್ದ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ನುಗಳ ಎಂಟು ಸಾಲು, ಅಂದರೆ ಎಂಟು ಲೈನು, ಲೈನಿಗೊಂದರಂತೆ ಎಂಟು ಟೋಕನ್. ನನ್ನ ಮೇಲೆ ಬಿಳಿ ಬಣ್ಣದಲ್ಲಿ ಆರು ಎಂದು ಬರೆದರು. ನನ್ನ ಜಾಗ ಲೈನಿನ ತುದಿಯಲ್ಲಿ, ಸೂಪರ್‌ವೈಸರ್ ಮೇಜಿನ ಹಿಂದಿನ ಕಂಬಕ್ಕೆ ಹೊಡೆದ ಮೊಳೆ.

ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಆಗ ನನಗೆ ಹೆಮ್ಮೆಯಾಗಿತ್ತು. ನಲವತ್ತೆರಡು ಹೆಂಗಸರ ಲೈನಿಗೆ ನಾನೊಬ್ಬನೇ ಟೋಕನ್. ನಾನಿಲ್ಲದೆ ಯಾರೂ ಎದ್ದು ಹೋಗುವಂತಿಲ್ಲ. ಶಾಲೆಯಲ್ಲಿ ಮೂಲೆಯಾಗಿದ್ದವನಿಗೆ ಇಲ್ಲಿ ಮಾನಿಟರ್ ಕೆಲಸ ಸಿಕ್ಕಿದ ಹಾಗಾಯಿತು. ಕರೆದಾಗ ಹೋಗುತ್ತಿದ್ದೆ, ಐದು ನಿಮಿಷದಲ್ಲಿ ಬರುತ್ತಿದ್ದೆ, ಒಂದು ದಿನವೂ ರಜೆ ಹಾಕಲಿಲ್ಲ.

ಸೂಪರ್‌ವೈಸರ್ ಹೆಸರು ಕೆಂಪರಾಜು. ನನ್ನ ಮೊಳೆಯಿಂದ ಅವರ ನಡುನೆತ್ತಿ ಕಾಣುತ್ತಿತ್ತು. ಗಂಟೆಗೊಮ್ಮೆ ಬೋರ್ಡಿನ ಮೇಲೆ ಎಷ್ಟು ಪೀಸು ಆಯಿತೆಂದು ಬರೆಯಬೇಕು, ಕಡಿಮೆಯಾದರೆ ಮೇಲಿನವರ ಫೋನು. ಫೋನು ಬಂದಾಗಲೆಲ್ಲ ಅವರು ಡ್ರಾಯರ್ ಎಳೆದು ಗ್ಯಾಸಿನ ಮಾತ್ರೆಯೊಂದನ್ನು ನೀರಿಲ್ಲದೆ ಅಗಿಯುತ್ತಿದ್ದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಟೋಕನ್ ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ. ಕೈಗಡಿಯಾರ ನೋಡಿ, ಬೋರ್ಡು ನೋಡಿ, ಕೇಳಿದವಳ ಮುಖ ನೋಡಿ, ಆಮೇಲೆ ನನ್ನನ್ನು ಮೊಳೆಯಿಂದ ತೆಗೆಯುತ್ತಿದ್ದರು. ಅಷ್ಟೇ. ಆದರೆ ಆ ಮೂರು ನೋಟ ದಾಟಿ ಬರುವುದು ಹೆಂಗಸರಿಗೆ ಹೊಳೆ ದಾಟಿದ ಹಾಗೆ.

ಅದಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರು: ನೀರನ್ನೇ ಕುಡಿಯದಿರುವುದು. ಬೆಳಿಗ್ಗೆ ವ್ಯಾನು ಹತ್ತುವ ಮುಂಚೆ ಅರ್ಧ ಲೋಟ ಕಾಫಿ, ಊಟದ ಹೊತ್ತಿನಲ್ಲಿ ಎರಡು ಗುಟುಕು. ಬರಬರುತ್ತಾ ನನಗೆ ಕೆಲಸ ಕಡಿಮೆಯಾಯಿತು. ಇಡೀ ದಿನದಲ್ಲಿ ಏಳೆಂಟು ಸಲ ಮಾತ್ರ ಮೊಳೆ ಬಿಟ್ಟು ಇಳಿಯುತ್ತಿದ್ದೆ. ಮೇಲಿನವರು ಬಂದಾಗ ಕೆಂಪರಾಜು ನನ್ನನ್ನು ತೋರಿಸಿ, "ನಮ್ಮ ಲೈನಲ್ಲಿ ಟೋಕನ್ ಅಲ್ಲಾಡೋದೇ ಇಲ್ಲ ಸಾ" ಅನ್ನುತ್ತಿದ್ದರು. ಆ ವರ್ಷದ ಒಳ್ಳೆಯ ಲೈನು ಎಂಬ ಬಹುಮಾನ ನಮಗೇ ಬಂತು. ನಾನು ಶಿಸ್ತಿನ ಫಲವೆಂದು ತಿಳಿದೆ. ನೀರಿನ ಪಾಠ ಓದಿದವನಿಗೆ ನೀರು ಕುಡಿಯದವರ ಬಾಯಿ ಕಾಣಲಿಲ್ಲ.

ಜಯಶೀಲ ಎಂಬವಳು ಮೂರನೇ ಮೆಷಿನ್ನಿನಲ್ಲಿ ಕಾಲರ್ ಕೂರಿಸುತ್ತಿದ್ದಳು. ಇಪ್ಪತ್ತಾರು ವರ್ಷ, ಮಾತು ಕಡಿಮೆ, ಕೈ ಬಲು ಚುರುಕು. ಅವಳಿಗೆ ಮೊದಲೊಮ್ಮೆ ಉರಿಮೂತ್ರವಾಗಿ ಜ್ವರ ಬಂದಿತ್ತು. "ನೀರು ಕುಡೀಬೇಕು, ತಡ್ಕೋಬಾರ್ದು. ಇನ್ನೊಂದ್ ಸಲ ಬಂದ್ರೆ ಕಿಡ್ನಿಗೇ ಹೋಗ್ತದೆ" ಎಂದು ಡಾಕ್ಟರಮ್ಮ ಹೇಳಿದ್ದರು. ಇದನ್ನು ಅವಳು ಪಕ್ಕದ ಮೆಷಿನ್ನಿನ ನಿಂಗಾಜಮ್ಮನಿಗೆ ಹೇಳುವಾಗ ನಾನು ಕೇಳಿಸಿಕೊಂಡೆ. ಅಂದಿನಿಂದ ದಿನವೂ ಒಂದು ಲೀಟರಿನ ಬಾಟಲಿ ತುಂಬಿಕೊಂಡು ಬರುತ್ತಿದ್ದಳು. ಸಂಜೆ ತುಂಬಿದ್ದ ಹಾಗೆಯೇ ಒಯ್ಯುತ್ತಿದ್ದಳು.

"ನಿನ್ ಬಾಟ್ಲಿ ದಿನಾ ವ್ಯಾನಲ್ಲಿ ಬಂದು ವ್ಯಾನಲ್ಲೇ ಹೋಯ್ತದಲ್ಲಮ್ಮಿ," ಅಂದಳು ನಿಂಗಾಜಮ್ಮ. "ಅದುಕ್ಕೂ ಒಂದು ಹಾಜ್ರಿ ಹಾಕ್ಸು."

"ಕುಡುದ್ರೆ ಏಳ್ಬೇಕಲ್ಲಕ್ಕ," ಅಂದಳು ಜಯಶೀಲ.

ನಿಂಗಾಜಮ್ಮನಿಗೆ ಐವತ್ತರ ಹತ್ತಿರ. ಸೊಂಟ ನೋವಿಗೆ ಸೀರೆಯ ಒಳಗೊಂದು ಬೆಲ್ಟು, ಬಾಯಿಗೆ ಮಾತ್ರ ಯಾವ ಬೆಲ್ಟೂ ಇಲ್ಲ.

ಒಂದು ದಿನ ದೊಡ್ಡ ಆಫೀಸಿನಿಂದ ಒಬ್ಬರು ಮೇಡಂ ಬಂದರು. ಕೆಲಸದ ಒತ್ತಡವನ್ನು ಹೇಗೆ ತಾಳಿಕೊಳ್ಳಬೇಕು, ಮನಸ್ಸನ್ನು ಹೇಗೆ ಗಟ್ಟಿ ಮಾಡಿಕೊಳ್ಳಬೇಕು ಎಂದು ಮುಕ್ಕಾಲು ಗಂಟೆ ತರಬೇತಿ. ಎಲ್ಲರೂ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು, ಬಿಟ್ಟರು. ನಾಲ್ಕೈದು ಜನ ಅಲ್ಲೇ ತೂಕಡಿಸಿದರು. ಮೇಡಂ ಒಳ್ಳೆಯವರೇ, ದನಿಯಲ್ಲಿ ಕಾಳಜಿಯಿತ್ತು. ಹೋಗುವಾಗ ಕಂಬಕ್ಕೆ ಒಂದು ಬಣ್ಣದ ಚಿತ್ರ ಅಂಟಿಸಿದರು: ನಗುತ್ತಿರುವ ಹೆಂಗಸು, ಕೈಯಲ್ಲಿ ಲೋಟ, ಕೆಳಗೆ "ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ." ಸರಿಯಾಗಿ ಆ ಚಿತ್ರದ ಕೆಳಗೆ ನನ್ನ ಮೊಳೆ.

"ಯಾರಿಗಾದರೂ ಏನಾದರೂ ಕೇಳೋದಿದೆಯಾ?" ಅಂದರು ಮೇಡಂ.

ನಲವತ್ತೆರಡು ಜನ ನೆಲ ನೋಡಿದರು. ಜಯಶೀಲಳ ತುಟಿ ಒಂದು ಸಲ ಅಲುಗಿದ್ದನ್ನು ನಾನು ನೋಡಿದೆ. ಮೇಡಂ ಪಕ್ಕದಲ್ಲಿ ಕೆಂಪರಾಜು ನಿಂತಿದ್ದರು.

ಮೇಡಂ ಹೋದ ಮೇಲೆ ನಿಂಗಾಜಮ್ಮ ಮೆಷಿನ್ನಿಗೆ ದಾರ ಪೋಣಿಸುತ್ತಾ, "ಎಂಟು ಲೋಟ ಕುಡುದ್ರೆ ಎಂಟ್ ಸಲ ನಮ್ ಕೆಂಪ್ರಾಜಣ್ಣನ ಮೊಖ ನೋಡ್ಬೇಕು ಕಣ್ರವ್ವ. ಅದ್ಕಿಂತ ಒಣಗೋದೇ ವಾಸಿ" ಅಂದಳು. ಲೈನು ಪೂರ್ತಿ ನಕ್ಕಿತು. ಕೆಂಪರಾಜು ಕೇಳಿಸದವರಂತೆ ಡ್ರಾಯರ್ ಎಳೆದರು. ನಗು ಬಂದರೂ ಯಾರೂ ನೀರು ಕುಡಿಯಲಿಲ್ಲ.

ಈಗ ನನ್ನ ತಪ್ಪಿನ ದಿನಕ್ಕೆ ಬರಬೇಕು.

ಹಡಗಿಗೆ ಹೋಗಬೇಕಾದ ಸರಕು ತಡವಾಗಿತ್ತು. ಕೆಂಪರಾಜು ಬೆಳಿಗ್ಗೆಯಿಂದ ಮೂರು ಮಾತ್ರೆ ಅಗಿದಿದ್ದರು. ಊಟದ ನಂತರ ಒಬ್ಬಳು ನನ್ನನ್ನು ತಂದು ಅವಸರದಲ್ಲಿ ಮೊಳೆಗೆ ಸಿಕ್ಕಿಸಿ ಓಡಿದಳು. ನನ್ನ ದಾರ ಎಷ್ಟೋ ಜನರ ಬೆವರಿಗೆ ಪಿಸಿದಿತ್ತು. ಅದು ಕಿತ್ತು, ನಾನು ಮೇಜಿನ ಪಕ್ಕದಲ್ಲಿದ್ದ ಕಾಲರ್ ಬಂಡಲುಗಳ ನಡುವೆ ಬಿದ್ದೆ. ಬಿಳಿಯ ಹೊಸ ಬಟ್ಟೆ, ಮೆತ್ತಗೆ, ತಣ್ಣಗೆ. ಬಿದ್ದ ಸದ್ದಿಗೆ ಕೆಂಪರಾಜು ತಲೆ ತಗ್ಗಿಸಿ ಕೆಳಗೆ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು ಅನ್ನಿಸಿತು. ಆದರೆ ಅದೇ ಕ್ಷಣಕ್ಕೆ ಫೋನು ಬಂತು, ಅವರು ತಿರುಗಿದರು, ಕಾಲಿನಿಂದ ಬಂಡಲನ್ನು ಒಂದಿಷ್ಟು ಒಳಕ್ಕೆ ತಳ್ಳಿದರು. ದಾರಿಗೆ ಅಡ್ಡವಾಗಿದ್ದಕ್ಕೆ ತಳ್ಳಿದರೋ ಏನೋ.

ಸ್ವಲ್ಪ ಹೊತ್ತಿಗೆ ಜಯಶೀಲ ಬಂದಳು. ನನಗೆ ಅವಳ ಪಾದ ಮಾತ್ರ ಕಾಣುತ್ತಿತ್ತು. ಒಂದರ ಮೇಲೊಂದನ್ನು ಒತ್ತಿ ಹಿಡಿದಿದ್ದಳು.

"ಸಾ, ಟೋಕನ್."

ಕೆಂಪರಾಜು ಮೊಳೆ ನೋಡಿದರು. "ಎಲ್ಲಿ? ಯಾರು ತಗೊಂಡೋದ್ರು?"

"ಯಾರೂ ಹೋಗಿಲ್ಲ ಸಾ. ಎಲ್ರೂ ಇಲ್ಲೇ ಅವ್ರೆ."

"ಟೋಕನ್ ಇಲ್ದೆ ಕಳ್ಸುದ್ರೆ ನಾಳೆ ನನ್ನ ಕಳುಸ್ತಾರೆ ಕಣಮ್ಮ ಮನೆಗೆ. ಸಿಕ್ಕಿದ್ ಮೇಲೆ ಹೋಗು. ಇನ್ನೂರು ಪೀಸ್ ಬಾಕಿ ಅದೆ, ನೋಡು ಬೋರ್ಡ್ನ."

"ಒಂದಕ್ಕೆ ಸಾ. ತಡ್ಕೊಳ್ಳಕ್ ಆಗ್ತಿಲ್ಲ."

"ಸಿಕ್ಕಿದ್ ಮೇಲೆ ಅಂದ್ನಲ್ಲ."

ಅವಳ ಪಾದಗಳು ನನ್ನಿಂದ ಒಂದು ಗೇಣು ದೂರದಲ್ಲಿದ್ದವು. ನನಗೆ ಬಾಯಿಲ್ಲ, ಕೂಗಲಾರೆ, ಅದು ನಿಜ. ಆದರೆ ನನ್ನ ನಾಚಿಕೆ ಅದಲ್ಲ. ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದು ಇದು: ಇನ್ನು ಸ್ವಲ್ಪ ಹೊತ್ತು ಯಾರೂ ನನ್ನನ್ನು ಹುಡುಕದಿದ್ದರೆ ಸಾಕು. ವರ್ಷಗಟ್ಟಲೆ ಮೊಳೆಗೆ ನೇತುಬಿದ್ದಿದ್ದೆ, ಯಾರ್‍ಯಾರದೋ ಕೊರಳ ಬೆವರು ಕುಡಿದಿದ್ದೆ. ಆ ಬಿಳಿ ಬಟ್ಟೆಯ ಮೇಲೆ ಮೊದಲ ಸಲ ಹಾಯಾಗಿ ಮಲಗಿದ್ದೆ. ನನಗೂ ದಣಿವಾಗಿತ್ತು. ನನ್ನ ಆ ವಿಶ್ರಾಂತಿಗೆ ಅವಳ ಮೈ ಬೆಲೆ ತೆತ್ತಿತು.

ಅವಳು ಹೋಗಿ ಕೂತಳು. ಮೆಷಿನ್ನು ಓಡಿತು. ಒಂದು ಗಂಟೆ, ಎರಡು ಗಂಟೆ, ಮೂರು. ಬೋರ್ಡಿನ ಮೇಲೆ ಇನ್ನೂರು ತುಂಬಿತು. ಸಂಜೆ ಐದಕ್ಕೆ ಮೂರನೇ ಮೆಷಿನ್ನು ನಿಂತಿತು. ಜಯಶೀಲ ಗಡಗಡ ನಡುಗುತ್ತಾ ಮೆಷಿನ್ನಿನ ಮೇಲೆ ತಲೆಯಿಟ್ಟಿದ್ದಳು. ಸೀರೆ ಒದ್ದೆಯಾಗಿತ್ತು. ಮೈ ಕೆಂಡವಾಗಿದ್ದರೂ ಅವಳು ಮೊದಲು ಹೇಳಿದ ಮಾತು, "ಅಕ್ಕ, ನನ್ನ ಮುಚ್ಚು." ನಿಂಗಾಜಮ್ಮ ತನ್ನ ಸೆರಗು ಬಿಚ್ಚಿ ಸುತ್ತಿದಳು. ಲೈನಿನ ಹೆಂಗಸರು ಸುತ್ತ ಗೋಡೆಯ ಹಾಗೆ ನಿಂತು ವ್ಯಾನಿನವರೆಗೂ ಹಾಗೆಯೇ ನಡೆದರು.

ವ್ಯಾನು ಅವಳನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ನಿಂಗಾಜಮ್ಮ ಉಳಿದ ಕಾಲರುಗಳನ್ನು ತೆಗೆಯಲು ಬಂಡಲಿಗೆ ಕೈಹಾಕಿದಳು. ನಾನು ಸಿಕ್ಕಿದೆ. ಅವಳು ನನ್ನನ್ನು ನೋಡಿದಳು. ಮೇಜಿನತ್ತ ನೋಡಿದಳು. ಕೆಂಪರಾಜು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದರು. ಅವಳು ಬೈಯಲಿಲ್ಲ. ನನ್ನನ್ನು ತನ್ನ ಬುತ್ತಿಚೀಲದೊಳಗೆ, ಡಬ್ಬಿಯ ಕೆಳಗೆ ಇಟ್ಟುಕೊಂಡಳು. ನೋಡಿದ ಏಳೆಂಟು ಜನ ಸುಮ್ಮನಿದ್ದರು.

ಮರುದಿನ ಚೀಲ ಅವಳ ಮೆಷಿನ್ನಿನ ಕೆಳಗಿತ್ತು, ನಾನು ಚೀಲದಲ್ಲಿದ್ದೆ. ಹನ್ನೊಂದು ಗಂಟೆಗೆ ಅವಳ ಮೆಷಿನ್ನು ನಿಂತ ಸದ್ದು. ಜಯಶೀಲ ಬಿಟ್ಟುಹೋಗಿದ್ದ ಬಾಟಲಿಯ ಮುಚ್ಚಳ ತೆಗೆದ ಸದ್ದು. ಗಟಗಟ ಕುಡಿದ ಸದ್ದು.

"ಸಾ, ಟೋಕನ್ ಇಲ್ದೆ ಹೋಗಂಗಿಲ್ಲ ಅಂದ್ರಿ. ಟೋಕನ್ನೇ ಇಲ್ಲ. ಅದುಕ್ಕೆ ಹಂಗೇ ಹೋಯ್ತಾವ್ನಿ. ಕಳುಸ್ತಾರೆ ಅಂದ್ರೆ ನನ್ನ ಕಳುಸ್ಲಿ."

ಅವಳ ಚಪ್ಪಲಿ ಸದ್ದು ದೂರವಾಯಿತು. ಪಕ್ಕದವಳು ಅವಳ ಪಾಲಿನ ಪೀಸು ಎಳೆದುಕೊಂಡು ಹೊಲಿಯತೊಡಗಿದಳು. ನಿಂಗಾಜಮ್ಮ ವಾಪಸು ಬಂದಳು, ಇನ್ನೊಬ್ಬಳು ಎದ್ದಳು. ಅವಳ ಪೀಸನ್ನು ಮತ್ತೊಬ್ಬಳು ಹೊಲಿದಳು. ಬಾಟಲಿ ಕೈಯಿಂದ ಕೈಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಮೇಜಿನವರೆಗೂ ಬಂದಿರಬೇಕು.

"ನೀವೂ ಒಸಿ ಕುಡೀರಿ ಸಾ," ಅಂದಳು ನಿಂಗಾಜಮ್ಮ. "ಆ ಮಾತ್ರೆ ಎಷ್ಟೂಂತ ಒಣಗಂಟ್ಲಲ್ಲಿ ನುಂಗ್ತೀರಿ."

ಡ್ರಾಯರ್ ಮುಚ್ಚಿದ ಸದ್ದು. ಆಮೇಲೆ ಕೆಂಪರಾಜುವಿನ ದನಿ, "ಆ ಹುಡ್ಗಿ ಹೆಂಗವ್ಳೆ?" ಅಂತ.

"ಆಸ್ಪತ್ರೇಲವ್ಳೆ. ನೀವೇ ಹೋಗ್ ನೋಡಿ."

ಅವರು ಹೋದರೋ ಇಲ್ಲವೋ ನನಗೆ ತಿಳಿಯಲಿಲ್ಲ. ವಾರದ ಮೇಲೆ ಆಫೀಸಿನವರು ಹೊಸದೊಂದು ಪ್ಲಾಸ್ಟಿಕ್ ಟೋಕನ್ ಕೊಟ್ಟರಂತೆ. ಅದು ಮೊಳೆಯ ಮೇಲೆ ಇದೆಯಂತೆ, ಯಾರೂ ಕೇಳುವುದಿಲ್ಲವಂತೆ, ಕೆಂಪರಾಜು ಕೊಡುವುದೂ ಇಲ್ಲವಂತೆ. ಮೇಲಿನವರು ಬಂದ ದಿನ ಮಾತ್ರ ಒಬ್ಬಳು ಅದನ್ನು ಹಾಕಿಕೊಂಡು ಓಡಾಡುತ್ತಾಳಂತೆ. ಬಹುಮಾನ ಈ ವರ್ಷ ಬೇರೆ ಲೈನಿಗೆ ಹೋಯಿತು.

ಈಗ ನಾನು ನಿಂಗಾಜಮ್ಮನ ಅಡುಗೆಮನೆಯ ಮೂಲೆಯಲ್ಲಿ ಇದ್ದೇನೆ. ನೀರಿನ ಚೊಂಬಿನ ಬಾಯಿಗೆ ಸರಿಹೋದೆನೆಂದು ಅವಳು ನನ್ನನ್ನೇ ಮುಚ್ಚಳ ಮಾಡಿಕೊಂಡಿದ್ದಾಳೆ. ಒದ್ದೆಯಾಗಿ ಒದ್ದೆಯಾಗಿ ನನ್ನ ಮೇಲಿನ ಆರು ಮಾಸುತ್ತಿದೆ. ಕೆಲಸದಿಂದ ಬಂದವಳು ಮೊದಲು ನನ್ನನ್ನು ಎತ್ತಿ ಪಕ್ಕಕ್ಕಿಟ್ಟು ನೀರು ಕುಡಿಯುತ್ತಾಳೆ. ಯಾರಾದರೂ ನೀರಿಗಾಗಿ ನನ್ನನ್ನು ಎತ್ತಿದಾಗ ಸಂತೋಷಪಡಬಹುದೇ ಎಂದು ಅನುಮಾನವಾಗುತ್ತದೆ. ಅಷ್ಟು ಹಕ್ಕು ನನಗಿದೆಯೇ? ಮನಸ್ಸು ಗಟ್ಟಿಯಾಗುವುದು ಹೇಗೆಂದು ಆ ಮೇಡಂ ಮುಕ್ಕಾಲು ಗಂಟೆ ಹೇಳಿದರು. ನಾನು ಕಂಡದ್ದು ಒಂದೇ: ಒಬ್ಬಳು ಎದ್ದಾಗ ಅವಳ ಪೀಸನ್ನು ಪಕ್ಕದವಳು ಎಳೆದುಕೊಂಡ ಸದ್ದು. ಅದನ್ನು ಪಾಠವೆಂದು ಹೇಳುವಷ್ಟು ಓದಿದವನಲ್ಲ ನಾನು.

ಜಯಶೀಲ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದಳಂತೆ. ಆಮೇಲೆ ತೌರಿಗೆ ಹೋದಳು. ಒಂದು ಕಿಡ್ನಿಗೆ ಏಟು ಬಿದ್ದಿದೆ ಎಂದು ಯಾರೋ ಅಂದರು, ಹಾಗೇನಿಲ್ಲ ಎಂದು ಇನ್ನೊಬ್ಬರು ಅಂದರು. ನಿಂಗಾಜಮ್ಮ ಮಾಡುವ ಫೋನಿಗೆ ಈಚೆಗೆ ಉತ್ತರವಿಲ್ಲ. ಜಯಶೀಲಳಿಗೆ ಗುಣವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಂಪರಾಜು ಆ ದಿನ ನನ್ನನ್ನು ನೋಡಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ. ಅವರನ್ನು ಕೇಳುವ ಮೊದಲು ನನ್ನನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಆ ಮಧ್ಯಾಹ್ನ, ಅವಳ ಪಾದಗಳು ಒಂದು ಗೇಣು ದೂರದಲ್ಲಿದ್ದಾಗ, ನನಗೆ ಬಾಯಿ ಇದ್ದಿದ್ದರೆ ಇಲ್ಲಿದ್ದೇನೆ ಎಂದು ಕೂಗುತ್ತಿದ್ದೆನೇ? ಎಷ್ಟು ಯೋಚಿಸಿದರೂ ನನಗೆ ಗೊತ್ತಾಗುತ್ತಿಲ್ಲ.