ಕಿವಿ ಕೊಯ್ದ ಬಂಡೂರು ಟಗರು

ಬೆಸಗರಹಳ್ಳಿಯ ಹೊಂಬಾಳಮ್ಮ ಹಠ ಹಿಡಿದಳೆಂದರೆ ಮುಗಿಯಿತು, ಜೋಡೆತ್ತು ಕಟ್ಟಿ ಎಳೆದರೂ ಅಲುಗುವ ಹೆಂಗಸಲ್ಲ. ಬಕ್ರೀದಿಗೆ ಮೂರು ದಿನ ಇದೆ ಎನ್ನುವಾಗ, ತಾನೇ ಸಾಕಿದ ಬಂಡೂರು ಟಗರನ್ನು ಹಿಡಿದುಕೊಂಡು ಕಿರುಗಾವಲಿಗೆ ಹೊರಟೇಬಿಟ್ಟಳು. ಸ್ವಾತಂತ್ರ್ಯ ಬಂದು ಎರಡು ತಿಂಗಳಾಗಿತ್ತು. ಉತ್ತರದ ಕಡೆ ಹೊಡೆದಾಟವಂತೆ, ಸಾಬರ ಕೇರಿಗೆ ಒಬ್ಬಳೇ ಹೋಗಬೇಡ ಎಂದು ಬುದ್ಧಿ ಹೇಳಲು ಬಂದವರೂ ಇದ್ದರು.

"ನನ್ ಮಗನ್ನ ಬೆನ್ನ ಮ್ಯಾಲೆ ಒತ್ಕಂಡು ಬರೋವಾಗ ಅವ್ನು ಜಾತಿ ಕೇಳಿದ್ನಾ? ಸುಮ್ಕೆ ನಿಮ್ ಕ್ಯಾಮೆ ನೋಡ್ಕಳಿ" ಎಂದು ಅವರ ಬಾಯಿ ಮುಚ್ಚಿಸಿದಳು.

ಅವಳ ಮಗ ಮುದ್ದಯ್ಯ ಯುದ್ಧದ ಕಾಲದಲ್ಲಿ ಸೇರಿದ್ದು ಛತ್ರಿ ಪಟಾಲಂಗೆ. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವ ಪಟಾಲಂ ಅದು. ಅಲ್ಲಿ ಊರ ಕಡೆಯವನೆಂದು ಸಿಕ್ಕಿದವನು ಕಿರುಗಾವಲಿನ ದರ್ಜಿ ಮನೆಯ ಅಕ್ರಂ ಪಾಷಾ ಒಬ್ಬನೇ. ನಲವತ್ತನಾಲ್ಕರಲ್ಲಿ ಇಂಫಾಲದಾಚೆಯ ಬೆಟ್ಟವೊಂದರ ಮೇಲೆ ಜಪಾನಿನವರು ಇವರನ್ನು ನಾಲ್ಕೂ ಕಡೆ ಮುತ್ತಿದರು. ಕುಡಿಯಲು ನೀರಿಲ್ಲ, ಗಾಯಕ್ಕೆ ಮದ್ದಿಲ್ಲ. ಗುಂಡು ತಗುಲಿ ಮುದ್ದಯ್ಯನ ತೊಡೆ ಒಡೆದು, ಅವನು ಕಂದಕದ ಹೊರಗೆ ಬಿದ್ದ. ಗುಂಡು ಸುರಿಯುತ್ತಿರುವಾಗಲೇ ಅಕ್ರಂ ತೆವಳಿಕೊಂಡು ಹೋದ, ತನ್ನ ಹೆಗಲಿಗೆ ಸಿಡಿಗುಂಡಿನ ಚೂರು ನಾಟಿದರೂ ಬಿಡದೆ ಅವನನ್ನು ಎಳೆತಂದ. ಹಿಂದಕ್ಕೆ ಸರಿಯಿರೆಂದು ಅಪ್ಪಣೆಯಾದಾಗ ಮೂರು ದಿನ ಕಾಡಿನಲ್ಲಿ ಹೊತ್ತುಕೊಂಡು ನಡೆದ. ಅದಕ್ಕೇ ಪದಕ ಕೊಟ್ಟರು. ಗಾಯ ಮಾಗಿದ ಅದೇ ಹೆಗಲಿನಲ್ಲಿ ಮರುವರ್ಷ ರಂಗೂನಿನ ಬಳಿ ಮತ್ತೆ ಹಾರಿದ. ಈಗ ಹವಾಲ್ದಾರನಾಗಿ ಹೊಸಬರಿಗೆ ಹಾರುವುದನ್ನು ಕಲಿಸುತ್ತಾನೆ. ಮುದ್ದಯ್ಯ ಊರುಗೋಲು ಹಿಡಿದು ಮನೆ ಸೇರಿದ.

ಮಗ ಬಂದ ವಾರದಲ್ಲೇ ಹೊಂಬಾಳಮ್ಮ ಮಾರಮ್ಮನಿಗೆ ಹರಕೆ ಹೇಳಿಕೊಂಡಿದ್ದ ಟಗರನ್ನು ಒಪ್ಪಿಸಿದ್ದಳು. ಆದರೆ ಅವಳಿಗೆ ನಿದ್ದೆ ಹತ್ತಲಿಲ್ಲ. ಕಾಪಾಡಿದ ದೇವರಿಗೆ ಟಗರು, ಹೊತ್ತು ತಂದವನಿಗೆ ಏನೂ ಇಲ್ಲವೇ? ಇದೆಲ್ಲಿಯ ನ್ಯಾಯ? ಬಂಡೂರಿನವರಿಂದ ಒಂದು ಮರಿ ತಂದಳು. ಹುರುಳಿ ಬೇಯಿಸಿ ಹಾಕಿದಳು, ಮಗನ ಮೈ ತಿಕ್ಕಿದಂತೆ ಮೈ ತಿಕ್ಕಿದಳು. ಗಿಡ್ಡ ಕಾಲು, ತುಂಬಿದ ತೊಡೆ, ಕೊಬ್ಬಿದ ಬೆನ್ನು. ಅಕ್ರಂ ರಜದ ಮೇಲೆ ಬಂದಿದ್ದಾನೆ, ಹಬ್ಬದ ಮಾರನೆಯ ದಿನವೇ ಹೊರಡುತ್ತಾನೆ ಎಂದು ಸುದ್ದಿ ಬಂತು. ಈ ಹಬ್ಬಕ್ಕೆ ಅವನ ಮನೆಯ ಕುರ್ಬಾನಿ ತನ್ನ ಟಗರಿನಿಂದಲೇ ಆಗಬೇಕು, ಆಗದಿದ್ದರೆ ತನ್ನ ಜೀವಕ್ಕೆ ಸಮಾಧಾನವಿಲ್ಲ ಎಂದು ತೀರ್ಮಾನಿಸಿದಳು.

ಮದ್ದೂರಿನಲ್ಲಿ ಇದ್ದಿಲಿನಿಂದ ಓಡುವ ಬಸ್ಸಿನ ಕಂಡಕ್ಟರ್ ಟಗರನ್ನು ನೋಡಿ ಬೇಡವೇ ಬೇಡ ಎಂದ. ಇವಳು ಬಾಯಿ ತೆಗೆದ ಮೇಲೆ ಟಗರು ಬಸ್ಸಿನ ನೆತ್ತಿ ಹತ್ತಿತು. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಕಿರುಗಾವಲು ಸೇರಿದಳು.

ಬಾಗಿಲು ತೆಗೆದವಳು ಅಕ್ರಂನ ತಾಯಿ ಸುಲ್ತಾನ್ ಬೀ. ಇವಳು ಯಾರೆಂದು ತಿಳಿದದ್ದೇ ತಡ, ಕೈ ಹಿಡಿದು ಒಳಗೆ ಕರೆದಳು. "ಮೊದ್ಲು ಇದನ್ನ ನೋಡು ಬೂಬಮ್ಮ, ಆಮ್ಯಾಕೆ ಕೂತ್ಕತೀನಿ" ಎಂದು ಹೊಂಬಾಳಮ್ಮ ಹೆಮ್ಮೆಯಿಂದ ಟಗರನ್ನು ಮುಂದಕ್ಕೆ ತಳ್ಳಿದಳು.

ಸುಲ್ತಾನ್ ಬೀ ಟಗರಿನ ಬೆನ್ನು ಒತ್ತಿದಳು, ಹಲ್ಲು ನೋಡಿದಳು. ಮುಖ ಅರಳಿತು. ಎಡಗಿವಿ ಮುಟ್ಟಿದಳು, ಕೈ ಅಲ್ಲೇ ನಿಂತಿತು. ಕಿವಿ ಅರ್ಧಕ್ಕರ್ಧ ಇರಲಿಲ್ಲ.

"ಇದ್ಯಾಕಮ್ಮ ಇಂಗೆ?"

"ನಾನೇ ಕೊಯ್ದಿದ್ದು. ಮೀಸಲು ಬುಟ್ಟಿದ್ದು ಅಂತ ಗುರ್ತು ಬ್ಯಾಡ್ವಾ? ಅರಿಶಿನ ಅಚ್ಚಿ, ಇದು ಅಕ್ರಮಪ್ಪಂದು ಅಂತೇಳಿ ಕೊಯ್ದೆ. ದೇವ್ರಿಗೂ ಅಂಗೇ ಮಾಡಾದು."

ಸುಲ್ತಾನ್ ಬೀಗೆ ಸುತ್ತಿಬಳಸಿ ಹೇಳಲು ಬರುತ್ತಿರಲಿಲ್ಲ. "ಕಿವಿ ಕೊಯ್ದಿರೋದು ಕುರ್ಬಾನಿಗೆ ಆಗಾಕಿಲ್ಲ ಕಣಮ್ಮ. ಊನ ಇರ್ಬಾರ್ದು."

ಹೊಂಬಾಳಮ್ಮ ಜಗಲಿಯ ಮೇಲೆ ಕುಸಿದಳು. ಎರಡು ವರ್ಷದ ಪಾಡು, ತನ್ನ ಕೈಯಾರೆ ಹಾಳು. ಶ್ರದ್ಧೆಯಿಂದ ಮಾಡಿದ ಕೆಲಸವೇ ಹೀಗೆ ತಿರುಗಿ ಹೊಡೆಯಬೇಕೇ? ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು.

ಅಷ್ಟರಲ್ಲಿ ಒಳಗಿನಿಂದ ಅಕ್ರಂ ಬಂದ. ಆರಡಿ ಎತ್ತರದ ಜಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಹೊಂಬಾಳಮ್ಮ ಕಣ್ಣೊರೆಸಿಕೊಂಡು ನೋಡಿದರೆ, ಇವನು ಸಣಕಲ, ಬನಿಯನ್ನು ಹಾಕಿಕೊಂಡ ದರ್ಜಿಯಂತಿದ್ದ. ಎಡ ಹೆಗಲು ಮಾತ್ರ ತಗ್ಗಿ ಗುಳಿಬಿದ್ದಿತ್ತು. ತಾಯಿಯಿಂದ ವಿಷಯ ತಿಳಿದು ಅವನು ಹೊಂಬಾಳಮ್ಮನ ಕಾಲ ಬಳಿ ನೆಲದ ಮೇಲೆ ಕೂತ.

"ಅವ್ವ, ಮುದ್ದ ನಿಂಗೆ ಪೂರ್ತಿ ಯೋಳಿಲ್ಲ. ಕಾಡ್ನಲ್ಲಿ ಎಲ್ಡನೇ ದಿನ ನಂಗೆ ಜರ ಬಂತು. ಅವನನ್ನ ಇಳ್ಸಿ ನಾನೂ ಮರದ ಬುಡ್ದಲ್ಲಿ ಮಲೀಕಬುಟ್ಟೆ. ಏಳ್ಬಾರ್ದು ಅಂತ್ಲೇ ಮಲಗಿದ್ದೆ. ಅವ್ನು ಸುಮ್ನಿರ್ಲಿಲ್ಲ, 'ಏಳ್ಲಾ, ನಮ್ಮವ್ವ ನಿಂಗೂ ಮುದ್ದೆ ಮಾಡಿ ಇಟ್ಟವ್ಳೆ, ಆರೋಯ್ತದೆ' ಅಂತ ಬೆಳಗಾನ ಬೈದ. ನಾನು ಅವನನ್ನ ಒತ್ತೆ, ಅವ್ನು ನನ್ನ ನಡೆಸ್ದ. ನಿಂಗೆ ನಾನೂ ಕೈ ಮುಗೀಬೇಕು."

ಹೊಂಬಾಳಮ್ಮ ಮುಂದಕ್ಕೆ ಬಾಗಿದಳು. ಅವನ ತಗ್ಗಿದ ಹೆಗಲ ಮೇಲೆ ಕೈಯಿಟ್ಟಳು. ಇಂಥವನನ್ನು ತನಗೆ ತೋರಿಸಿದ ಆ ಗಳಿಗೆಗೆ ಮನಸ್ಸಿನಲ್ಲೇ ನೂರು ಸಲ ಶರಣೆಂದಳು.

"ಫೌಜು ಎಲ್ಡು ಭಾಗ ಆಯ್ತಂತಲ್ಲ, ನೀನು ಯಾವ ಕಡೀಕೆ?" ಎಂದಳು ಕೊನೆಗೆ.

"ಕೇಳಿದ್ರು. ಕಿರುಗಾವಲು ಯಾವ ಕಡೆ ಐತೋ ಆ ಕಡೀಕೆ ಬರ್ಕಳಿ ಅಂದೆ. ಕಲ್ಸೋದು ಬುಟ್ಟು ಈಗ ಪಂಜಾಬಿನ ಗಡೀಗೆ ಓಯ್ತೀನಿ." ಆಮೇಲೆ ಟಗರನ್ನು ನೋಡಿ ಕೇಳಿದ, "ಮೀಸಲು ಬುಡೋವಾಗ ಏನಾರ ಕೇಳ್ಕತಾರಲ್ಲ ಅವ್ವ. ನನ್ನೆಸ್ರಲ್ಲಿ ಏನ್ ಕೇಳ್ಕಂಡಿದ್ದೆ?"

ಹೊಂಬಾಳಮ್ಮ ತಬ್ಬಿಬ್ಬಾದಳು. ಎರಡು ವರ್ಷ ಸಾಕಿದ್ದೆಲ್ಲ ತನ್ನ ಮಗ ಬದುಕಿದ್ದಕ್ಕಾಗಿ. ಇವನೂ ಒಬ್ಬ ತಾಯಿಯ ಮಗ, ಇನ್ನೂ ಗುಂಡಿನ ಬಾಯಿಗೇ ಹೋಗಿ ನಿಲ್ಲುವವನು ಎಂದು ಒಂದು ದಿನವೂ ಹೊಳೆದಿರಲಿಲ್ಲ.

"ಏನೂ ಕೇಳ್ಲಿಲ್ಲ ಕಣಪ್ಪ" ಎಂದಳು ಮೆಲ್ಲಗೆ.

"ಅಂಗಾರೆ ಇದು ಇಲ್ಲೇ ಹಿತ್ಲಲ್ಲಿ ಬದುಕ್ಲಿ. ಈಗ ಕೇಳ್ಕೊ."

ಹೊಂಬಾಳಮ್ಮ ಎದ್ದು ನಿಂತಳು. ಕೊಯ್ದ ಕಿವಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

"ದೇವ್ರೇ, ನನ್ ಮಕ್ಳು ಇಬ್ರು. ಒಬ್ಬ ಮನೇಗೆ ಬಂದವ್ನೆ. ಇನ್ನೊಬ್ಬ ಓಯ್ತಾವ್ನೆ, ಅವನನ್ನೂ ಕಳುಸ್ಕೊಡು."

ಸುಲ್ತಾನ್ ಬೀ ಟಗರಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಆಮೀನ್" ಎಂದಳು.